ಎಡಸುತ್ತು, ಬಲಸುತ್ತು

"ಕೆಂಪು!" ಫೋನಿನೊಳಗಿಂದ ಸುರುಳಿಯಕ್ಕನ ತಮ್ಮನ ದನಿ ಬಂತು.

ಮೇಜಿನ ಮೇಲಿದ್ದ ಹಸಿರು ದೀಪ ಹತ್ತಿಕೊಂಡಿತು.

"ಹಸಿರು!"

ಈಗ ಹತ್ತಿದ್ದು ಕೆಂಪು.

ಮೇಜಿನ ಸುತ್ತ ನಿಂತಿದ್ದ ನಾಲ್ಕು ಜನರಲ್ಲಿ ಒಬ್ಬರು ಸುಮ್ಮನೆ ಕೆಮ್ಮಿದರು, ಇನ್ನೊಬ್ಬರು ಗಡಿಯಾರ ನೋಡಿಕೊಂಡರು. ಕ್ರೇನ್ ಕಂಪನಿಯ ಮುಖ್ಯ ಎಂಜಿನಿಯರು ಮಾತ್ರ ಎರಡೂ ಕೈ ಮೇಜಿಗೆ ಊರಿ, ದೀಪಗಳಿಂದ ಕಣ್ಣು ಕೀಳದೆ ನಿಂತಿದ್ದರು. ಯಾರ್ಡಿನ ಆ ತುದಿಯಲ್ಲಿದ್ದ ತಮ್ಮನಿಗೆ ಇಲ್ಲಿನ ಎಡವಟ್ಟು ಹೇಗೆ ಗೊತ್ತಾಗಬೇಕು? ಅವನು ಹರಾಜು ಕೂಗುವವನ ಹುರುಪಿನಲ್ಲಿ "ಕೆಂಪು! ಇನ್ನೊಂದು ಕೆಂಪು! ಹಸಿರು!" ಎನ್ನುತ್ತಲೇ ಇದ್ದ. ಅವನು ಒಂದು ಹೇಳಿದರೆ ದೀಪ ಇನ್ನೊಂದು ಹೇಳುತ್ತಿತ್ತು.

ತಗಡಿನ ಚಪ್ಪರದ ಕಂಬಕ್ಕೆ ಒರಗಿ ನಿಂತಿದ್ದ ಸುರುಳಿಯಕ್ಕ ಬೆರಳು ಮಡಚಿ ಎಣಿಸುತ್ತಿದ್ದಳು. ಅವಳ ಮುಂದೆಯೇ ತಮ್ಮನ ಮಗಳು ನಿಂತಿದ್ದಳು. ಆ ಹುಡುಗಿಯ ಕಿವಿ ಕೆಂಪಗಾಗಿತ್ತು. ಚಿಕ್ಕಂದಿನಿಂದಲೂ ಹಾಗೇ, ಅಳು ಬರುವ ಮುನ್ನ ಮೊದಲು ಕಿವಿಗೆ ರಂಗೇರುತ್ತಿತ್ತು. ಈಗ ಕಾಲೇಜಿನಲ್ಲಿ ಪಾಠ ಮಾಡುವ ಮೇಡಂ, ವಯಸ್ಸು ಮೂವತ್ತರ ಹತ್ತಿರ, ಆದರೂ ಅತ್ತೆಯ ಪಾಲಿಗೆ ಇನ್ನೂ ಗುಬ್ಬಿಯೇ.

ಸುರುಳಿಯಕ್ಕ ಎಂಬುದು ಬೀದಿಯವರು ಇಟ್ಟ ಹೆಸರು. ಅಪ್ಪ ಬಿಟ್ಟುಹೋದ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಮೂವತ್ತೊಂದು ವರ್ಷಗಳಿಂದ ಸುಟ್ಟ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತುವವಳು ಅವಳೇ. ಮುಂದಿನ ಕೋಣೆಯಲ್ಲಿ ತಮ್ಮ ಕೂತು ಗಿರಾಕಿಗಳ ಜತೆ ಮಾತಾಡುತ್ತಿದ್ದ. ಹಿಂದಿನ ಕೋಣೆಯಲ್ಲಿ, ವಾರ್ನಿಷ್ ವಾಸನೆಯ ನಡುವೆ, ಅವಳ ಬೆರಳುಗಳು ಮಾತಾಡುತ್ತಿದ್ದವು. ಅವಳು ಕಟ್ಟಿದ ಮೋಟಾರು ಮತ್ತೆ ಸುಟ್ಟು ವಾಪಸು ಬಂದದ್ದು ತೀರಾ ಕಡಿಮೆ. ಆದರೆ ಆ ಕೆಲಸದ ಹಣೆಬರಹವೇ ಹಾಗೆ. ಸುತ್ತಿ ಮುಗಿದ ಮೇಲೆ ಕಬ್ಬಿಣದ ಮುಚ್ಚಳ ಬೀಳುತ್ತದೆ, ಬೋಲ್ಟು ಬಿಗಿಯಾಗುತ್ತದೆ. ಕೆಲಸ ಚೆನ್ನಾಗಿದ್ದರೆ ಅದನ್ನು ಬಿಚ್ಚಿ ನೋಡುವ ಗೋಜಿಗೆ ಯಾರೂ ಹೋಗುವುದಿಲ್ಲ. ಗಿರಾಕಿಗಳು "ನಿಮ್ಮ ಕೈಗುಣ ದೊಡ್ಡದು ಸ್ವಾಮಿ" ಎಂದು ತಮ್ಮನ ಕೈ ಕುಲುಕಿ ಹೋಗುತ್ತಿದ್ದರು. ತಮ್ಮನೂ ನಗುತ್ತಾ ಕೈ ಕೊಡುತ್ತಿದ್ದ. ಕೆಟ್ಟವನಲ್ಲ. ಸುತ್ತಿದ್ದು ಅಕ್ಕ ಅಂತ ಹೇಳಬೇಕು ಎಂಬುದು ಅವನಿಗೆ ಹೊಳೆದಿರಲಿಲ್ಲ, ಅಷ್ಟೆ.

ಎರಡು ತಿಂಗಳ ಹಿಂದೆ ಒಂದು ಸಂಜೆ ಗುಬ್ಬಿ ನೇರವಾಗಿ ಆ ಹಿಂದಿನ ಕೋಣೆಗೇ ಬಂದು, ಚೀಲ ಎಸೆದು, ಮೋಟಾರಿನ ಖಾಲಿ ಚಿಪ್ಪಿನ ಮೇಲೆ ಕೂತುಬಿಟ್ಟಿದ್ದಳು.

"ಏನಾಯ್ತೇ?"

"ನನ್ನ ಕೆಲಸ ಮಣ್ಣಾಯ್ತು ಅತ್ತೆ."

ಕಾಲೇಜಿನ ಪಾಠದ ಜತೆಗೆ ಅವಳು ಒಂದು ಕ್ರೇನ್ ಕಂಪನಿಗಾಗಿ ಒಪ್ಪಿಕೊಂಡಿದ್ದ ಕೆಲಸವೇನೆಂದರೆ, ಎತ್ತರದ ಕ್ರೇನಿನ ಕೊಕ್ಕೆ ಎಷ್ಟು ತೂಕ ಎತ್ತಿದೆ ಎಂಬುದನ್ನು ತಂತಿಯಿಲ್ಲದೆ ಮೇಲಿನ ಕ್ಯಾಬಿನ್ನಿಗೆ ಮುಟ್ಟಿಸುವುದು. ಸುತ್ತಲೂ ಬರೀ ಕಬ್ಬಿಣ. ರೇಡಿಯೋ ಅಲೆ ಒಂದು ಗಳಿಗೆ ಜೋರು, ಇನ್ನೊಂದು ಗಳಿಗೆ ಕ್ಷೀಣ. ಅಲೆಯ ಜೋರಿನಲ್ಲಿ ಸುದ್ದಿ ಕಳಿಸಿದರೆ ದಾರಿಯಲ್ಲೇ ಹಾಳಾಗುತ್ತದೆ. ಅದಕ್ಕೆ ಗುಬ್ಬಿ ಬೇರೆ ದಾರಿ ಹಿಡಿದಿದ್ದಳು. ಅಲ್ಲಿ ಬಿದ್ದಿದ್ದ ಹತ್ತಿಯ ದಾರದ ಒಂದು ತುದಿಯನ್ನು ಅತ್ತೆಯ ಕೈಗೆ ಕೊಟ್ಟು ತೋರಿಸಿದಳು.

"ನೋಡು, ಅಲೆ ಅಂದ್ರೆ ಈ ದಾರ ಅಂದ್ಕೋ. ಮೇಲೆ ಕೆಳಗೆ ಅಲ್ಲಾಡಿಸಿದ್ರೆ ಒಂದು. ಅಕ್ಕಪಕ್ಕ ಅಲ್ಲಾಡಿಸಿದ್ರೆ ಸೊನ್ನೆ. ಎಷ್ಟು ಜೋರು ಅನ್ನೋದು ಲೆಕ್ಕಕ್ಕೇ ಇಲ್ಲ. ಯಾವ ಕಡೆ ಅಲ್ಲಾಡ್ತಿದೆ ಅನ್ನೋದೇ ಸುದ್ದಿ. ಅಲೆ ಕಳಿಸೋ ಆಂಟೆನಾ ಕಡ್ಡೀನ ಉದ್ದಕ್ಕಿಟ್ರೆ ಒಂದು, ಅಡ್ಡಕ್ಕಿಟ್ರೆ ಇನ್ನೊಂದು."

"ಚೆನ್ನಾಗೇ ಇದೆಯಲ್ಲ. ಮತ್ತೇನು ರೋಗ?"

"ಕೊಕ್ಕೆ ಸುಮ್ಮನಿರಲ್ಲ ಅತ್ತೆ. ಗಾಳಿಗೆ ಗಿರಗಿರ ತಿರುಗುತ್ತೆ. ಉದ್ದಕ್ಕಿದ್ದ ಕಡ್ಡಿ ಅಡ್ಡಕ್ಕೆ ಬರುತ್ತೆ, ಅಡ್ಡಕ್ಕಿದ್ದದ್ದು ಉದ್ದಕ್ಕೆ ಬರುತ್ತೆ. ಒಂದು ಹೋಗಿ ಸೊನ್ನೆ, ಸೊನ್ನೆ ಹೋಗಿ ಒಂದು." ದಾರ ಕೆಳಗಿಟ್ಟಳು. "ಪುಸ್ತಕದಲ್ಲಿ ಇದಕ್ಕೆ ಮದ್ದು ಇದೆ. ಅಲೇನ ನೆಟ್ಟಗೆ ಕಳಿಸೋ ಬದಲು ತಿರುಪಿನ ಹಾಗೆ ತಿರುಗಿಸ್ತಾ ಕಳಿಸೋದು. ಬಲಕ್ಕೆ ತಿರುಗಿದ್ರೆ ಒಂದು, ಎಡಕ್ಕೆ ತಿರುಗಿದ್ರೆ ಸೊನ್ನೆ. ಆಗ ಕೊಕ್ಕೆ ಎಷ್ಟು ಬೇಕಾದ್ರೂ ತಿರುಗಲಿ. ಅದಕ್ಕೆ ಸುರುಳಿ ಆಂಟೆನಾ ಬೇಕು, ಬಲಸುತ್ತಿಂದು ಎರಡು, ಎಡಸುತ್ತಿಂದು ಎರಡು. ಬಲಸುತ್ತಿಂದು ಸಿಗುತ್ತೆ. ಎಡಸುತ್ತಿಂದು ಹೇಳಿ ಮಾಡಿಸ್ಬೇಕು. ಬರೋಕೆ ಆರು ತಿಂಗಳು. ಕ್ರೇನಿನವರು ಎರಡೇ ತಿಂಗಳು ಟೈಮ್ ಕೊಟ್ಟಿರೋದು."

ಸುರುಳಿಯಕ್ಕ ಕನ್ನಡಕ ಮೇಲೇರಿಸಿ ಅವಳನ್ನೇ ನೋಡಿದಳು.

"ತಾಮ್ರದ ತಂತೀನ ಎಡಕ್ಕೆ ಸುತ್ತೋರು ಸಿಗ್ತಿಲ್ಲ ಅಂತ ನನ್ನ ಮುಂದೆ ಬಂದು ಅಳ್ತಿದ್ದೀಯಾ?"

ಹೇಳಿದಷ್ಟು ಸುಲಭವಾಗಿರಲಿಲ್ಲ. ಕೋಲಿನ ಮೇಲೆ ಸುತ್ತಿದ ದಪ್ಪ ತಂತಿ, ಕೋಲಿನಿಂದ ಕಳಚಿದ ಕೂಡಲೇ ಮೈ ಮುರಿದಂತೆ ಸಡಿಲಾಗಿ ಅಗಲವಾಗುತ್ತಿತ್ತು. ಗುಬ್ಬಿ ಅಳತೆಪಟ್ಟಿ ಹಿಡಿದು, "ಒಂದು ಕೂದಲೆಳೆ ಜಾಸ್ತಿ" ಎನ್ನುತ್ತಿದ್ದಳು. ಅತ್ತೆ ಕೋಲನ್ನು ಒಂದಿಷ್ಟು ಸಣ್ಣಗೆ ಹೆರೆದಳು. ಮತ್ತೆ ಹೆರೆದಳು. ಬಲಸುತ್ತಿನವು ನಾಲ್ಕನೇ ದಿನ ಕೂತವು. ಎಡಸುತ್ತು ಮಾತ್ರ ಕೈಗೆ ಬಗ್ಗಲಿಲ್ಲ. ಮೂವತ್ತೊಂದು ವರ್ಷ ಒಂದೇ ಕಡೆ ತಿರುಗಿದ ಮಣಿಕಟ್ಟು, ಉಲ್ಟಾ ತಿರುಗು ಎಂದರೆ ಮುನಿಸಿಕೊಳ್ಳುತ್ತಿತ್ತು. ಏಳು ಸುರುಳಿ ಕೆಡಿಸಿ ಬದಿಗೆಸೆದಳು. ಕೊನೆಗೆ ಅಷ್ಟು ವರ್ಷ ಕೂತ ಜಾಗ ಬಿಟ್ಟು, ಬೆಂಚಿನ ಆಚೆ ಬದಿಗೆ ಹೋಗಿ, ಗೋಡೆಗೆ ಮುಖ ಮಾಡಿ ಕೂತು, ಹೊಸಬಳಂತೆ ಒಂದೊಂದೇ ಸುತ್ತು ಹಾಕಿದಳು. ಹತ್ತು ಸುತ್ತು. ಸುತ್ತಿಗೂ ಸುತ್ತಿಗೂ ನಡುವೆ ಎರಡು ಬೆರಳಿನ ಅಂತರ, ಎಲ್ಲಿ ಅಳೆದರೂ ಅಷ್ಟೇ. ಎಡದ್ದನ್ನೂ ಬಲದ್ದನ್ನೂ ಅಕ್ಕಪಕ್ಕ ನಿಲ್ಲಿಸಿ, ವಾರ್ನಿಷ್ ಬಳಿದು, ಒಣಗುವ ತನಕ ಅವುಗಳ ಮುಂದೆ ಕೂತಿದ್ದಳು. ಇವಕ್ಕೆ ಮುಚ್ಚಳವಿಲ್ಲ ಎಂಬುದು ಆಗ ಅವಳಿಗೆ ಹೊಳೆದಿತ್ತು. ಹೊರಗೆ, ಎಲ್ಲರ ಕಣ್ಣಿಗೆ ಕಾಣುವಂತೆ ನಿಲ್ಲುವ ಸುರುಳಿಗಳು ಇವು.

ಕೊಕ್ಕೆಗೆ ಕಟ್ಟುವ ಮುನ್ನ ನೆಲದ ಮೇಲೆ ಸಾಬೀತು ಮಾಡಿ ಎಂದಿದ್ದರು ಕಂಪನಿಯವರು. ಅದಕ್ಕೇ ಇವತ್ತಿನ ಪರೀಕ್ಷೆ. ಯಾರ್ಡಿನ ಒಂದು ತುದಿಯಲ್ಲಿ ಒಂದು ಚಕ್ರ, ಚಕ್ರದ ಮೇಲೆ ಒಂದು ಬಲಸುರುಳಿ, ಒಂದು ಎಡಸುರುಳಿ. ತಮ್ಮ ಒಂದು ಕೈಯಲ್ಲಿ ಚಕ್ರ ತಿರುಗಿಸುತ್ತಾ ಇನ್ನೊಂದು ಕೈಯಲ್ಲಿ ಗುಂಡಿ ಒತ್ತಬೇಕು. ಕೆಂಪು ಗುಂಡಿಗೆ ಬಲದ ಅಲೆ, ಹಸಿರಿಗೆ ಎಡದ್ದು. ಈ ತುದಿಯಲ್ಲಿ ಉಳಿದೆರಡು ಸುರುಳಿಗಳು ಆ ಅಲೆ ಹಿಡಿದು ದೀಪ ಹಚ್ಚಬೇಕು. ಬೆಳಿಗ್ಗೆ ಏಳಕ್ಕೆ ಮೂವರೇ ಬಂದು ನೋಡಿಕೊಂಡಾಗ ಒಂದೂ ತಪ್ಪದೆ ಬಂದಿತ್ತು. ಹತ್ತಕ್ಕೆ ಅಧಿಕಾರಿಗಳು ಬಂದರು, ಆಫೀಸಿನಲ್ಲಿ ಚಹಾ ಆಯಿತು, ಮಾತಾಯಿತು. ಈಗ ಹನ್ನೊಂದಕ್ಕೆ ಎಲ್ಲವೂ ತಿರುಗುಮುರುಗು.

"ಸಿಗ್ನಲ್ ಸಾಕಷ್ಟು ಬರ್ತಾ ಇದೆ," ಎಂದರು ಮುಖ್ಯ ಎಂಜಿನಿಯರು, ಪಕ್ಕದ ಮೀಟರಿನ ಮುಳ್ಳು ನೋಡುತ್ತಾ. "ಅಡ್ಡಿಯೇನಿಲ್ಲ. ಅಂದ್ರೆ ಎಡದ್ದು ಬಲದ್ದು ಸುತ್ತೋವಾಗಲೇ ಎಡವಟ್ಟಾಗಿದೆ. ಈ ಸುರುಳಿ ಕಾಯಿಲು ಮನೇಲೇ ಮಾಡಿಸಿದ್ದು ಅಂದ್ರಲ್ಲ ಮೇಡಂ?"

"ಅಂಗಡಿಯಲ್ಲಿ ಸಾರ್," ಎಂದಳು ಗುಬ್ಬಿ. ದನಿ ಸಣ್ಣಗಿತ್ತು.

"ಎಲ್ಲೋ ಒಂದು ಕಡೆ. ಕೈಕೆಲಸ ಅಂದ್ಮೇಲೆ ಹೀಗಾಗೋದು ಸಹಜ. ನಾನು ತಪ್ಪು ತಿಳ್ಕೊಳ್ಳಲ್ಲ. ಕಾಯಿಲು ದೋಷ ಅಂತ ಬರೀತೀನಿ. ಕಾರ್ಖಾನೆಯದ್ದು ತರಿಸ್ಕೊಂಡು ಮತ್ತೆ ಬನ್ನಿ." ಅವರು ಕಾಗದದ ಮೇಲೆ ಆಗಲೇ ಒಂದು ಸಾಲು ಗೀಚಿದ್ದರು.

ಗುಬ್ಬಿ ಹಿಂದೆ ಸರಿದು ಅತ್ತೆಯ ಕಿವಿಗೆ ಬಾಯಿ ಹಚ್ಚಿದಳು. "ದೀಪಕ್ಕೆ ಹೋಗೋ ಈ ಎರಡು ವೈರು ಅದಲುಬದಲು ಮಾಡಿದ್ರೆ ಮುಗೀತು ಅತ್ತೆ. ಅರ್ಧ ನಿಮಿಷದ ಕೆಲಸ. ಸುತ್ತೋದ್ರಲ್ಲಿ ತಪ್ಪಾಗಿತ್ತು, ಸರಿ ಮಾಡಿದ್ವಿ ಅಂತ ಹೇಳಿಬಿಡ್ತೀನಿ. ಇವತ್ತೇ ಪಾಸಾಗ್ತೀವಿ."

"ಯಾರು ತಪ್ಪು ಸುತ್ತಿದ್ದು?"

"ಅತ್ತೆ, ಪ್ಲೀಸ್. ಬರೀ ಒಂದು ಮಾತಿಗೆ."

"ಆ ಒಂದು ಮಾತು ನನ್ನ ಬಾಯಲ್ಲಿ ಬರಲ್ಲ ಕಣೇ. ನೀನೂ ಹೇಳಬೇಡ."

ಅವಳು ಕಂಬ ಬಿಟ್ಟು ಮೇಜಿನ ಹತ್ತಿರ ಬಂದಳು. ದೊಡ್ಡವರ ನಡುವೆ ಹೀಗೆ ನುಗ್ಗಿ ಮಾತಾಡಿ ಅವಳಿಗೆ ರೂಢಿಯಿರಲಿಲ್ಲ.  ಆದರೂ ನೇರ ಮುಖ್ಯ ಎಂಜಿನಿಯರ ಎದುರಿಗೇ ಹೋಗಿ ನಿಂತಳು.

"ಸಾರ್, ಕಾಯಿಲು ಸುತ್ತಿದ್ದು ನಾನು. ಬೆಳಿಗ್ಗೆ ಸರಿಯಿತ್ತು. ಒಂದು ಸಲ ಸುತ್ತಿದ ಕಾಯಿಲು ತಾನಾಗಿ ಮಗ್ಗುಲು ಬದಲಾಯಿಸಲ್ಲ."

"ಜೋಡಿಸೋವಾಗ ತಲೆಕೆಳಗಾಗಿ ಕೂರಿಸಿರಬಹುದಮ್ಮಾ," ಎಂದರು ಗಡಿಯಾರ ನೋಡಿಕೊಂಡಿದ್ದವರು.

ಮೇಜಿನ ಮೇಲೆ ಬಿದ್ದಿದ್ದ ಒಂದು ಬೋಲ್ಟನ್ನು ಎತ್ತಿ ಅವಳು ಅವರ ಕೈಗಿಟ್ಟಳು. "ತಲೆಕೆಳಗೆ ಹಿಡೀರಿ. ಇದರ ತಿರುಪು ಬದಲಾಗುತ್ತಾ? ಆಗಲ್ಲ. ಹೇಗೆ ಹಿಡಿದ್ರೂ ಬಲಕ್ಕೆ ತಿರುಗಿಸಿದ್ರೇನೇ ಬಿಗಿಯೋದು. ಸುರುಳೀನೂ ಹಾಗೇ." ಆಮೇಲೆ ಮುಖ್ಯ ಎಂಜಿನಿಯರ ಕಡೆ ತಿರುಗಿದಳು. "ಇನ್ನೊಂದು ಮಾತು ಸಾರ್. ನಾನು ಎಣಿಸ್ತಾನೇ ಇದ್ದೆ. ನನ್ನ ತಮ್ಮ ನಲವತ್ತೆರಡು ಸಲ ಕೂಗಿದ. ನಲವತ್ತೆರಡು ಸಲವೂ ಉಲ್ಟಾ ಬಂತು. ಕಾಯಿಲು ಕೆಟ್ಟಿದ್ರೆ ಒಂದು ಸರಿ, ಒಂದು ತಪ್ಪು, ಹಾಗೆ ಬರುತ್ತೆ. ಇಷ್ಟು ಅಚ್ಚುಕಟ್ಟಾಗಿ ಉಲ್ಟಾ ಬರಬೇಕಂದ್ರೆ ಕಾಯಿಲು ಸರಿಯಾಗೇ ಇರಬೇಕು. ಎಡ ಬಲ ಅದಲುಬದಲಾಗಿದ್ರೆ ಬೆಳಿಗ್ಗೆಯೂ ಉಲ್ಟಾನೇ ಬರ್ತಿತ್ತು."

ಮುಖ್ಯ ಎಂಜಿನಿಯರು ಪೆನ್ನು ಕೆಳಗಿಟ್ಟರು. "ಸರಿ. ಹಾಗಾದ್ರೆ ತಪ್ಪೆಲ್ಲಿದೆ?"

ಅದು ಅವಳಿಗೂ ಗೊತ್ತಿರಲಿಲ್ಲ. ಆದರೆ ಸುಟ್ಟ ಮೋಟಾರು ಮುಂದೆ ಬಂದಾಗ ಅವಳು ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದಿತ್ತು. ನಿನ್ನೆ ಸರಿಯಿತ್ತಲ್ಲ, ಅಲ್ಲಿಂದ ಇಲ್ಲಿಗೆ ಏನು ಬದಲಾಯಿತು? ಅದನ್ನೇ ತನಗೆ ತಾನೇ ಕೇಳಿಕೊಳ್ಳುತ್ತಾ ಅವಳು ಸುರುಳಿಗಳ ಹಿಂದೆ ಹೋಗಿ ಬಗ್ಗಿದಳು. ಬೆಳಿಗ್ಗೆಯೂ ಹೀಗೇ ಬಗ್ಗಿ, ಸುರುಳಿಯ ನೇರಕ್ಕೆ ಕಣ್ಣಿಟ್ಟು ನೋಡಿದ್ದಳು. ಆಗ ದೂರದಲ್ಲಿ ತಮ್ಮ ಹುಲ್ಲುಕಡ್ಡಿಯಷ್ಟು ಕಂಡು ಕೈ ಬೀಸಿದ್ದ.

"ಗುಬ್ಬಿ, ನಿಮ್ಮಪ್ಪ ಕಾಣ್ತಿಲ್ವಲ್ಲೇ."

"ಅಲ್ಲೇ ಇದ್ದಾರೆ. ಕೂಗ್ತಿಲ್ವಾ?"

"ಕೂಗೋದು ಕೇಳ್ತಿದೆ. ಕಾಣ್ತಿಲ್ಲ ಅಂದೆ. ಮಧ್ಯದಲ್ಲಿ ಲಾರಿ ನಿಂತಿದೆ ನೋಡು."

ಎತ್ತರದ ಕಬ್ಬಿಣದ ಮೈಯ ಲಾರಿ. ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಬಂದು ನಿಂತಿರಬೇಕು. ಅಂಥ ಹತ್ತಾರು ಬಂದು ಹೋಗುವ ಯಾರ್ಡು ಅದು, ಯಾರ ಕಣ್ಣಿಗೂ ಅದು ವಿಶೇಷವಾಗಿ ಬಿದ್ದಿರಲಿಲ್ಲ.

"ಅಷ್ಟು ದಪ್ಪ ಕಬ್ಬಿಣ ಅಡ್ಡ ಇದ್ರೂ ಇಷ್ಟು ಜೋರಾಗಿ ಹೇಗೆ ಬರ್ತಿದೆ? ಎಲ್ಲಿಂದ ಬರ್ತಿದೆ?"

"ನೇರ ಬರಲ್ಲ ಅತ್ತೆ. ಬಲಗಡೆ ಗೋದಾಮಿನ ಉಕ್ಕಿನ ಗೋಡೆ ಇದೆಯಲ್ಲ, ಅದಕ್ಕೆ ಬಡಿದು ವಾಪಸು..." ಗುಬ್ಬಿಯ ಮಾತು ಅಲ್ಲೇ ನಿಂತಿತು.

ಸುರುಳಿಯಕ್ಕ ಅಷ್ಟರಲ್ಲಿ, ಹೆಚ್ಚುವರಿ ಇರಲಿ ಎಂದು ತಂದಿದ್ದ ಬಲಸುರುಳಿಯೊಂದನ್ನು ಕೈಯಲ್ಲಿ ಹಿಡಿದು ಲಾರಿಯತ್ತ ನಡೆದಿದ್ದಳು. ಗುಬ್ಬಿ ಹಿಂದೆ ಓಡಿದಳು. ಲಾರಿಯ ಚಾಲಕನ ಬಾಗಿಲಿನ ಪಕ್ಕದ ಕನ್ನಡಿಯಲ್ಲಿ ಧೂಳು ಕೂತಿತ್ತು. ಅತ್ತೆ ಅದನ್ನು ಅಂಗಿಯ ತೋಳಿನಲ್ಲಿ ಒರೆಸಿ, ಕಾಲ ಬೆರಳ ಮೇಲೆ ನಿಂತು, ಸುರುಳಿಯನ್ನು ಕನ್ನಡಿಗೆ ಹಿಡಿದಳು.

"ಬಡಿದು ವಾಪಸು ಬರೋದು ಅಂದ್ರೆ ಕನ್ನಡಿ ಥರಾನೇ ಅಲ್ವಾ? ನೋಡಿಲ್ಲಿ. ನನ್ನ ಕೈಲಿರೋದು ಬಲಸುತ್ತು. ಒಳಗಿರೋದು?"

ಒಳಗಿನ ಸುರುಳಿ ಎಡಕ್ಕೆ ತಿರುಗಿತ್ತು.

ಗುಬ್ಬಿ ಹಣೆ ಹಣೆ ಚಚ್ಚಿಕೊಂಡಳು. "ಅಯ್ಯೋ! ಲೋಹಕ್ಕೆ ಬಡಿದ್ರೆ ಎಡ ಬಲ ಆಗುತ್ತೆ, ಬಲ ಎಡ ಆಗುತ್ತೆ. ಪ್ರತಿ ವರ್ಷ ಮಕ್ಕಳಿಗೆ ನಾನೇ ಪಾಠ ಮಾಡ್ತೀನಿ ಅತ್ತೆ! ಪರೀಕ್ಷೆಗೂ ಕೊಡ್ತೀನಿ!"

"ಈಗ ನಿನಗೇ ಪರೀಕ್ಷೆ ಬಂತು ನೋಡು," ಎಂದಳು ಅತ್ತೆ.

ಮುಖ್ಯ ಎಂಜಿನಿಯರು ನಡೆದುಕೊಂಡು ಬಂದು ಎಲ್ಲ ಕೇಳಿಸಿಕೊಂಡರು. ಲಾರಿಯನ್ನೂ ಗೋದಾಮಿನ ಗೋಡೆಯನ್ನೂ ಒಮ್ಮೆ ನೋಡಿದರು. ಚಾಲಕನನ್ನು ಕರೆಸಿದರು. ಅವನು ಅರ್ಧ ತಿಂದ ಬನ್ನು ಹಿಡಿದೇ ಬಂದು, "ಐದು ನಿಮಿಷ ನಿಂತಿದ್ದಕ್ಕೆ ಇಷ್ಟು ಜನ ಎದ್ದು ಬರಬೇಕಾ?" ಎಂದು ಗೊಣಗುತ್ತಾ ಹತ್ತಿದ.

ಎಲ್ಲರೂ ಮತ್ತೆ ಮೇಜಿನ ಸುತ್ತ ಸೇರಿದರು. ಲಾರಿ ಗುರ್ರೆಂದಿತು. ಆ ತುದಿಯಲ್ಲಿ ತಮ್ಮನಿಗೆ ಇದಾವುದರ ಸುದ್ದಿಯೂ ಇಲ್ಲ.

"ಕೆಂಪು!"

ಹಸಿರು ಹತ್ತಿತು. ಲಾರಿ ಒಂದು ಮಾರು ಮುಂದೆ ಸರಿಯಿತು.

"ಹಸಿರು!"

ಕೆಂಪು. ಲಾರಿಯ ಹಿಂಗಾಲಿ ಒಂದು ಗುಂಡಿಗೆ ಇಳಿದು ಎದ್ದಿತು. ಗುಬ್ಬಿ ಅತ್ತೆಯ ಮುಂಗೈ ಹಿಡಿದಳು. ಉಗುರು ನಾಟುತ್ತಿತ್ತು. ಅತ್ತೆ ಕೈ ಬಿಡಿಸಿಕೊಳ್ಳಲಿಲ್ಲ.

"ಕೆಂಪು!"

ದೀಪಗಳೆರಡೂ ಒಂದು ಕ್ಷಣ ತಡವರಿಸಿದವು. ಲಾರಿಯ ಬಾಲ ದಾಟಿತು. ಯಾರ್ಡಿನ ಆ ತುದಿಯಲ್ಲಿ ತಮ್ಮ, ಒಂದು ಕೈ ಚಕ್ರದ ಮೇಲೆ, ಹುಲ್ಲುಕಡ್ಡಿಯಷ್ಟು ಕಂಡ.

ಕೆಂಪು ದೀಪ ಹತ್ತಿತ್ತು.

"ಹಸಿರು!" ಹಸಿರು. "ಹಸಿರು!" ಹಸಿರು. "ಕೆಂಪು!" ಕೆಂಪು.

"ಚಕ್ರ ಜೋರಾಗಿ ತಿರುಗಿಸೋಕೆ ಹೇಳಿ," ಎಂದರು ಮುಖ್ಯ ಎಂಜಿನಿಯರು. ಗುಬ್ಬಿ ಫೋನಿನಲ್ಲಿ ಹೇಳಿದಳು. ಅಪ್ಪ ತಿರುಗಿಸಿದ. ಸುರುಳಿಗಳು ಕಣ್ಣಿಗೆ ಕಾಣದಷ್ಟು ಬೇಗ ಸುತ್ತಿದವು. ಮೇಜಿನ ಮೇಲಿನ ದೀಪಗಳಿಗೆ ಅದರ ಪರಿವೆಯೇ ಇರಲಿಲ್ಲ. ಕೇಳಿದ್ದಕ್ಕೆ ಕೇಳಿದ್ದೇ ಬಂತು. ನೂರು ಸಲ ಆದ ಮೇಲೆ, ಬೆವರು ಒರೆಸಿಕೊಳ್ಳುತ್ತಾ ತಮ್ಮ ಫೋನಿನಲ್ಲೇ ಕೇಳಿದ: "ಸಾಕಾ? ಅಥವಾ ಸಂಜೆ ತನಕ ಕೂಗ್ತಿರಬೇಕಾ?"

ಮುಖ್ಯ ಎಂಜಿನಿಯರು ನಕ್ಕರು. ಆಮೇಲೆ ನಗು ನಿಲ್ಲಿಸಿ ಸುರುಳಿಯಕ್ಕನ ಮುಂದೆ ಬಂದು ನಿಂತರು.

"ಅಮ್ಮಾ, ತಪ್ಪು ನನ್ನದು. ನೋಡದೇ ಬರೆದುಬಿಟ್ಟೆ." ಕಾಗದದ ಮೇಲಿನ ಸಾಲನ್ನು ಅವಳ ಕಣ್ಣೆದುರೇ ಹೊಡೆದು ಹಾಕಿದರು. "ಬೇರೆ ಯಾರಾದ್ರೂ ಆಗಿದ್ರೆ ವೈರು ಅದಲುಬದಲು ಮಾಡಿ ಪಾಸು ಮಾಡಿಸ್ಕೊಳ್ತಿದ್ರು, ನಾಳೆ ಕೊಕ್ಕೆ ಮೇಲೆ ಎಲ್ಲಾ ಉಲ್ಟಾ ಓದ್ತಿತ್ತು. ಅಲ್ಲಿ ಮಧ್ಯೆ ಅಡ್ಡ ಬರೋಕೆ ಏನೂ ಇಲ್ಲ."

ಗುಬ್ಬಿ ನೆಲ ನೋಡಿದಳು. ಅತ್ತೆ ಏನೂ ಕೇಳಿಸದವಳಂತೆ ಕನ್ನಡಕ ಒರೆಸಿಕೊಂಡಳು.

"ತಯಾರಿಸಿದವರು ಅಂತ ಒಂದು ಜಾಗ ಇದೆ ಇಲ್ಲಿ. ಏನು ಬರೀಲಿ?"

ಅಷ್ಟರಲ್ಲಿ ಓಡೋಡಿ ಬಂದಿದ್ದ ತಮ್ಮ ಏದುಸಿರು ಬಿಡುತ್ತಲೇ, "ನಮ್ಮ ಅಂಗಡಿ ಹೆಸರು ಬರೀರಿ ಸಾರ್" ಎಂದ. ಮಗಳು ಅವನತ್ತ ನೋಡಿದಳು.  ತಮ್ಮ ತಲೆ ಕೆರೆದುಕೊಂಡ. ಅಕ್ಕನ ಕಡೆಗೂ ಒಮ್ಮೆ ನೋಡಿದ. ಆಮೇಲೆ ಗಂಟಲು ಸರಿಮಾಡಿಕೊಂಡು, "ಅಂಗಡಿ ಬೇಡ ಸಾರ್. ಅಕ್ಕನ ಹೆಸರೇ ಬರೀರಿ. ನಮ್ಮಲ್ಲಿ ಎಲ್ಲಾ ಸುತ್ತೋದು ಅವಳೇ. ಮೊದಲಿನಿಂದಲೂ ಅವಳೇ" ಎಂದ.

ಸುರುಳಿಯಕ್ಕ ತನ್ನ ಪೂರ್ತಿ ಹೆಸರು ಹೇಳಿದಳು. ಅವರು ಬರೆದದ್ದನ್ನು ಬಗ್ಗಿ ನೋಡಿ, "ಅಲ್ಲೊಂದು ದೀರ್ಘ ಬರಬೇಕು ಸಾರ್" ಎಂದು ತಿದ್ದಿಸಿದಳು.

ಮೂರು ವಾರ ಕಳೆದ ಮೇಲೆ ಕ್ರೇನಿನ ಕೊಕ್ಕೆಯನ್ನು ನೆಲದ ತನಕ ಇಳಿಸಿದರು. ಸುರುಳಿಗಳನ್ನು ಕಟ್ಟಲು ಕಂಪನಿಯ ಫಿಟ್ಟರೊಬ್ಬ ಬಂದಿದ್ದ. ಅವನು ಸ್ಪ್ಯಾನರು ಎತ್ತಿದ್ದೇ ತಡ, ಅವಳು ಅದನ್ನು ಅವನ ಕೈಯಿಂದ ಇಸಿದುಕೊಂಡು ನಾಲ್ಕೂ ನಟ್ಟು ತಾನೇ ಬಿಗಿದಳು. ಕೊಕ್ಕೆ ಮೊದಲ ಸಲ ಸಿಮೆಂಟಿನ ಹಲಗೆಗಳ ಕಟ್ಟು ಹೊತ್ತು ಮೇಲೇರಿತು. ಅರ್ಧ ದಾರಿಯಲ್ಲಿ ಗಾಳಿ ಸಿಕ್ಕಿ ಇಡೀ ಕಟ್ಟು ನಿಧಾನವಾಗಿ ತಿರುಗತೊಡಗಿತು. ಗುಬ್ಬಿಯ ಕೈಯಲ್ಲಿದ್ದ ವಾಕಿಟಾಕಿಯಲ್ಲಿ ಮೇಲಿನ ಕ್ಯಾಬಿನ್ನಿನಿಂದ ಆಪರೇಟರನ ದನಿ ಕೇಳಿಸುತ್ತಿತ್ತು.

"ಎರಡು ಟನ್ನು ನೂರಾ ನಲವತ್ತು. ತಿರುಗ್ತಾ ಇದೆ... ಎರಡು ಟನ್ನು ನೂರಾ ನಲವತ್ತು. ಇನ್ನೂ ತಿರುಗ್ತಿದೆ. ಎರಡು ಟನ್ನು ನೂರಾ ನಲವತ್ತೇ ಕಣ್ರೀ. ಅಂಕಿ ಅಲ್ಲಾಡ್ತಾನೇ ಇಲ್ಲ!"

ತಮ್ಮ ಸುತ್ತಲಿದ್ದ ಕೆಲಸಗಾರರಿಗೆಲ್ಲ ವಿವರಿಸಲು ಶುರುಮಾಡಿದ್ದ. "ಮಗಳ ಯೋಜನೆ, ಅಕ್ಕನ ಕೈಕೆಲಸ, ಚಕ್ರ ತಿರುಗಿಸಿದ್ದು ಮಾತ್ರ ನಾನು." ಗುಬ್ಬಿ ಅಂಕಿ ಬರೆದುಕೊಳ್ಳುವುದರಲ್ಲಿ ಮುಳುಗಿದ್ದಳು. ಊಟದ ಗಂಟೆ ಹೊಡೆಯಿತು, ಜನ ಚದುರಿದರು. ಸುರುಳಿಯಕ್ಕ ನಿಂತ ಜಾಗ ಬಿಡಲಿಲ್ಲ. ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡುತ್ತಲೇ ಇದ್ದಳು.

ಡಬ್ಬಿ ಹಿಡಿದು ಹೋಗುತ್ತಿದ್ದ ಫಿಟ್ಟರು ಅವಳ ಪಕ್ಕ ನಿಂತ. "ಏನಮ್ಮಾ ನೋಡ್ತಿದ್ದೀರಾ?"

"ಆ ಕೊಕ್ಕೆ ಮೇಲೆ ತಾಮ್ರ ಹೊಳೀತಿದೆ. ಕಾಣುತ್ತಾ?"

ಅವನು ಕಣ್ಣು ಕಿರಿದು ಮಾಡಿ ನೋಡಿದ. "ಇಲ್ಲವಲ್ಲ."

"ಈ ಕಡೆ ತಿರುಗಲಿ, ಕಾಣುತ್ತೆ."

ಅವನು ಡಬ್ಬಿಯನ್ನು ಕಂಕುಳಿಗೆ ಸೇರಿಸಿಕೊಂಡ. ಇಬ್ಬರೂ ಕತ್ತೆತ್ತಿ ಕಾಯುತ್ತಾ ನಿಂತರು.